ಹನ್ನೆರಡು ವರ್ಷ ಅಂತ ಹೇಳಿಬಿಟ್ಟೆ

ಉಧ್ನಾ, ಸೂರತ್
10 ಆಗಸ್ಟ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಕೇಶವ ಭಾವನವರಿಗೆ,

ನಿಮ್ಮ ಭಾವಮೈದ ಗಣಪತಿ ತಲೆಬಾಗಿ ಬರೆಯುವುದು. ತಲೆ ಬಾಗುವುದು ನನ್ನ ಜಾಯಮಾನ ಅಲ್ಲ ಅಂತ ನಿಮಗೆ ಗೊತ್ತು. ಹಾಗಾಗಿ ಮೊದಲ ಸಾಲಿನಲ್ಲೇ ನಿಮಗೆ ಅನುಮಾನ ಬಂದಿರಬೇಕು. ನಾವು ಮೂವರೂ, ಅಂದರೆ ಊರ್ಮಿಳಕ್ಕ, ನಿಮ್ಮ ಮಗಳು ಮನಸ್ವಿನಿ ಮತ್ತು ನಾನು, ಅಮೆರಿಕದ ಉತ್ತರ ತುದಿಯ ಮಂಜಿನ ಕಡೆ ಹಡಗಿನ ಪ್ರವಾಸ ಮುಗಿಸಿ ಸೂರತ್ ಮುಟ್ಟಿದ್ದೇವೆ. ಎಲ್ಲರೂ ಕ್ಷೇಮ ಅಂತ ಒಂದು ಸಾಲು ಬರೆಯುವ ಪದ್ಧತಿ ಉಂಟಲ್ಲ, ಆ ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಪೂರ್ತಿ ಓದಿದ ಮೇಲೆ ನೀವೇ ತುಂಬಿಸಿಕೊಳ್ಳಿ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳಬೇಡಿ. ಮೊನ್ನೆ ನೀವು ಫೋನು ಮಾಡಿ, ನಾನು ಹಲೋ ಅನ್ನುವ ಮೊದಲೇ “ಒಪ್ಪಿದಳಾ?” ಅಂತ ಕೇಳಿದಿರಿ. ನಾನು “ಭಾವ, ಇಲ್ಲಿ ನೆಟ್‌ವರ್ಕ್ ಇಲ್ಲ” ಅಂದು ಇಟ್ಟೆ. ಉಧ್ನಾ ಸ್ಟೇಷನ್ನಿನ ಎದುರಿಗೆ ನಿಂತು ನೆಟ್‌ವರ್ಕ್ ಇಲ್ಲ ಅಂದವ ಇಡೀ ಗುಜರಾತಿನಲ್ಲಿ ನಾನೊಬ್ಬನೇ ಇರಬೇಕು. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದು ಮಾತಿನ ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ನಾಳೆ ಬೆಳಗ್ಗಿನ ರೈಲಿಗೆ ಮನಸ್ವಿನಿ ಅಹಮದಾಬಾದಿಗೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕೊಡ್ತೇನೆ. ಮಗಳಿಗೆ ಕನ್ನಡ ಅಕ್ಷರ ಕಲಿಸಲಿಲ್ಲ ಅಂತ ನಿಮಗೆ ಎಷ್ಟು ಸಲ ಬೈದಿದ್ದೇನೋ ಲೆಕ್ಕ ಇಲ್ಲ. ಇವತ್ತು ಆ ಬೈಗುಳ ಎಲ್ಲ ವಾಪಸ್ ತೆಗೆದುಕೊಂಡೆ. ಅವಳ ಚೀಲದಲ್ಲಿ ಈ ಕಾಗದದಷ್ಟು ಭದ್ರವಾದದ್ದು ಬೇರೆ ಯಾವುದೂ ಇರುವುದಿಲ್ಲ.

ನನ್ನನ್ನು ನೀವು ಕಳಿಸಿದ್ದು ತಿಮಿಂಗಿಲ ನೋಡಲಿಕ್ಕಲ್ಲ, ಅದು ನನಗೆ ನೆನಪುಂಟು. ಬೋಡಕ್‌ದೇವ್‌ನ ನಿಮ್ಮ ಅಹಮದಾಬಾದಿನ ಮನೆಯ ಬಾಲ್ಕನಿಯಲ್ಲಿ ಕೂರಿಸಿಕೊಂಡು ನೀವು ಹೇಳಿದ ಮಾತು ಇದು: “ಗಣಪತಿ, ಗುರುಕಿರಣ ಹಿಮಾಚಲದ ಆ ಹಿಮನದಿಯ ಬಿರುಕಿಗೆ ಬಿದ್ದು ವರ್ಷ ಆಗ್ತಾ ಬಂತು. ದೇಹ ಸಿಗಲಿಲ್ಲ. ಹುಡುಕುವವರು ಕೈಬಿಟ್ಟರು. ನನ್ನ ಮಗ ಗತಿ ಇಲ್ಲದೆ ಅಲೆಯಬಾರದು. ವರ್ಷಾಂತದ ಒಳಗೆ ಕ್ರಿಯೆ ಆಗಬೇಕು. ಆದರೆ ಊರ್ಮಿಳಾ ಒಪ್ಪದೆ ನಾನು ಮಾಡುವುದಿಲ್ಲ. ಹಡಗಿನಲ್ಲಿ ಹೇಗಾದರೂ ಮಾಡಿ ಒಪ್ಪಿಸು.” ಹಾಗೆ ಹೇಳುವಾಗ ನಿಮ್ಮ ಕನ್ನಡಕ ಕೈಯಲ್ಲಿತ್ತು. ನಾನು ಎದೆ ತಟ್ಟಿಕೊಂಡು, “ಭಾವ, ಸೂರತ್ತಿನ ಮಾರ್ವಾಡಿಗಳಿಗೆ ನನ್ನ ಹೋಟೆಲಿನಲ್ಲಿ ಗಂಜಿ ಊಟ ಮಾಡಿಸಿದವ ನಾನು, ನನ್ನ ಅಕ್ಕನನ್ನು ಒಪ್ಪಿಸುವುದು ಎಂಥ ದೊಡ್ಡ ವಿಷಯ?” ಅಂದೆ. ಅಂದದ್ದು ಹೌದು.

ಆ ದಿನ ಹಯವದನ ಭಟ್ಟರು ಮನೆಗೆ ಬಂದು ವಿವರಿಸದೇ ಇದ್ದಿದ್ದರೆ ನನ್ನ ಕೆಲಸ ಸ್ವಲ್ಪ ಸುಲಭ ಆಗ್ತಿತ್ತೋ ಏನೋ. ದೇಹ ಸಿಗದಿದ್ದರೆ ಮುತ್ತುಗದ ಎಲೆ, ದರ್ಭೆ ಸೇರಿಸಿ ಮನುಷ್ಯನ ಆಕಾರ ಮಾಡಿ, ಅದಕ್ಕೇ ಸಂಸ್ಕಾರ ಮಾಡಿ ಸುಡುವುದು ಶಾಸ್ತ್ರದಲ್ಲಿ ಉಂಟು ಅಂದರು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. “ತಲೆಗೆ ಒಂದು ತೆಂಗಿನಕಾಯಿ ಇಡಬೇಕು” ಅಂತಲೂ ಹೇಳಿದರು. ಅಕ್ಕ ಒಳಗಿನಿಂದ ಬಂದು, “ನನ್ನ ಮಗನ ತಲೆ ತೆಂಗಿನಕಾಯಿಯಾ ಭಟ್ರೇ?” ಅಂತ ಮೆಲ್ಲಗೆ ಕೇಳಿದಳು. ಭಟ್ಟರು ಪಾಪ, ಬೇರೆ ದಾರಿ ಹುಡುಕುವವರ ಹಾಗೆ, “ಎಲ್ಲಿ ಹೋದ ಅಂತಲೇ ಗೊತ್ತಿಲ್ಲದವರಿಗೆ ಹನ್ನೆರಡು ವರ್ಷ ಕಾಯುವ ಕ್ರಮವೂ ಉಂಟು, ಆದರೆ ಇಲ್ಲಿ ಬಿದ್ದದ್ದನ್ನು ಜೊತೆಯವರು ಕಣ್ಣಾರೆ ನೋಡಿದ್ದಾರಲ್ಲ ತಾಯಿ” ಅಂದರು. ಆ ಹನ್ನೆರಡು ಅನ್ನುವ ಸಂಖ್ಯೆ ನನ್ನ ತಲೆಯಲ್ಲಿ ಎಲ್ಲೋ ಕೂತುಬಿಟ್ಟಿತು. ಅದರ ಕಥೆಗೆ ಆಮೇಲೆ ಬರ್ತೇನೆ.

ಮೊದಲು ಹಡಗಿನ ವಿಷಯ. ಇಷ್ಟು ದೂರ ಹೋಗಿ ಬಂದವ ಸ್ವಲ್ಪವಾದರೂ ಕೊಚ್ಚಿಕೊಳ್ಳದಿದ್ದರೆ ನಿಮಗೇ ಹೆದರಿಕೆ ಆದೀತು.

ಭಾವ, ಅದು ಹಡಗಲ್ಲ, ನೀರಿನ ಮೇಲೆ ತೇಲುವ ಒಂದು ಪೇಟೆ. ಈಜುಕೊಳ, ನಾಟಕ ಶಾಲೆ, ಅಂಗಡಿ ಸಾಲು. ಅಡಿಗೆಮನೆ ಮಾತ್ರ ನಾಲ್ಕು. ಎರಡನೇ ದಿನವೇ ಒಂದರ ಒಳಗೆ ನುಗ್ಗಿದೆ. ಬಿಳಿ ಟೊಪ್ಪಿ ಹಾಕಿದವನೊಬ್ಬ ತಡೆದ. ನಾನು ನನ್ನ ಅಂಗೈ ತೋರಿಸಿದೆ, ಕಾವಲಿ ಸುಟ್ಟ ಕಲೆಗಳನ್ನು. ಅವನೂ ತನ್ನ ಅಂಗೈ ತೋರಿಸಿದ. ಮತ್ತೆ ಪಾಸು-ಗೀಸು ಯಾರೂ ಕೇಳಲಿಲ್ಲ. ಅವರ ದೋಸೆ ಹಿಟ್ಟಿಗೆ ಮೆಂತೆ ಹಾಕಿಸಿ ಬಂದೆ. ಆ ಹಡಗು ಮುಳುಗುವವರೆಗೆ ಅಲ್ಲಿನ ದೋಸೆಗೆ ನನ್ನ ಹೆಸರು ಇರ್ತದೆ.

ಅಲ್ಲ, ನನ್ನ ಹೆಸರಲ್ಲ. ಇದನ್ನೂ ಬರೆದುಬಿಡ್ತೇನೆ. ಆ ಟಿಕೆಟ್ಟು ಗುರುಕಿರಣ ತಾನೇ ಕೂತು ನಾಲ್ಕು ಜನಕ್ಕೆ ಬುಕ್ ಮಾಡಿದ್ದು, ನಿಮ್ಮ ನಿವೃತ್ತಿಯ ಖುಷಿಗೆ. “ಅಪ್ಪ ಮೂವತ್ತು ವರ್ಷ ಉಪಗ್ರಹದ ಚಿತ್ರದಲ್ಲೇ ಹಿಮನದಿ ನೋಡಿದ್ದಾರೆ ಮಾವ, ಒಮ್ಮೆ ಎದುರಿಗೆ ನಿಲ್ಲಿಸಬೇಕು. ಅಮ್ಮನಿಗೆ ಪಕ್ಕದಲ್ಲಿ ನಿಂತು ಎಲ್ಲ ಕನ್ನಡದಲ್ಲಿ ನಾನೇ ಹೇಳ್ತೇನೆ” ಅಂದಿದ್ದ. ವಡೋದರಾದಲ್ಲಿ ಓದುವಾಗ ಶನಿವಾರ ಶನಿವಾರ ನನ್ನ ಹೋಟೆಲಿಗೆ ಬಂದು, ನೀರುದೋಸೆ ತಿನ್ನುತ್ತಾ ಹೇಳಿದ ಮಾತು. ಅವನು ಹೋದ ಮೇಲೆ ನೀವು ಬರುವುದಿಲ್ಲ ಅಂದಿರಿ. ಅಕ್ಕ, “ಅವನು ಬುಕ್ ಮಾಡಿದ್ದು, ನಾನು ಹೋಗಿಯೇ ಹೋಗ್ತೇನೆ” ಅಂದಳು. ನನ್ನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಮೊದಲೇ ಇತ್ತು, ನ್ಯೂಜೆರ್ಸಿಯ ಹೋಟೆಲಿನವರಿಗೆ ಕಾವಲಿ ಪಳಗಿಸಿ ಕೊಡಲಿಕ್ಕೆ ಹೋದಾಗಿನದ್ದು. ಹಾಗಾಗಿ ಅವನ ಹೆಸರು ತೆಗೆಸಿ ನನ್ನ ಹೆಸರು ಹಾಕಿಸಿದಿರಿ. ಆದರೆ ಊಟದ ಕೋಣೆಯವರಿಗೆ ಹೋದ ಪಟ್ಟಿಯಲ್ಲಿ ಅದು ಬದಲಾಗಿರಲಿಲ್ಲ. ಬಡಿಸುವ ಹುಡುಗಿ ದಿನಾ ನಗುನಗುತ್ತಾ ಬಂದು ನನ್ನನ್ನು “ಮಿಸ್ಟರ್ ಗುರುಕಿರಣ್” ಅಂತ ಕರೆಯುವುದು. ಪ್ರತಿ ಸಲವೂ ಅಕ್ಕ ತಲೆ ಎತ್ತಿ ಬಾಗಿಲ ಕಡೆ ನೋಡುವಳು. ಮನಸ್ವಿನಿ ಸರಿ ಮಾಡಿಸ್ತೇನೆ ಅಂತ ಎದ್ದರೆ ಅಕ್ಕನೇ ಕೈ ಹಿಡಿದು ಕೂರಿಸಿದಳು. “ಇರಲಿ, ಕರೆಯಲಿ” ಅಂದಳು. ಕೊನೆಯ ದಿನದವರೆಗೂ ನಾನು ಆ ಹೆಸರಿಗೆ ಓ ಅಂದಿದ್ದೇನೆ ಭಾವ.

ಪ್ರಾಣಿಗಳು ಬೇಕಾದಷ್ಟು ಕಂಡವು. ತಿಮಿಂಗಿಲ ಬಂದದ್ದು ನಾನು ಕೂಗಿದ ಕೂಡಲೇ. ಮೂರು ದಿನದಿಂದ ದುರ್ಬೀನು ಹಿಡಿದು ನಿಂತ ಬಿಳಿಯರಿಗೆ ಬಾಲವೂ ಕಾಣಲಿಲ್ಲ, ನಾನು ನಮ್ಮೂರ ಕಡೆ ಎಮ್ಮೆ ಕರೆಯುವ ಹಾಗೆ ಒಂದು ಕೂಗು ಹಾಕಿದೆ, ಬಂದೇ ಬಿಟ್ಟಿತು, ಕರಿ ಬಂಡೆಯ ಹಾಗೆ. ಮೂಗಿನಿಂದ ನೀರು ಹಾರಿಸಿದ್ದು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನನಗೋ ಅದಕ್ಕೋ ಅಂತ ವಿಚಾರಿಸಲಿಲ್ಲ. ಜೂನೋ ಅನ್ನುವ ಊರಿನ ಹೊಳೆಯಲ್ಲಿ ಕರಡಿ ಮೀನು ಹಿಡಿಯುವುದನ್ನೂ ನೋಡಿದೆವು. ನಮ್ಮ ಹಡಗಿನಲ್ಲಿ ಅಹಮದಾಬಾದಿನ ಒಂದು ದೊಡ್ಡ ಟೂರ್ ಗುಂಪಿತ್ತು, ತಮ್ಮದೇ ಅಡಿಗೆ ಮಹಾರಾಜನನ್ನು ಕಟ್ಟಿಕೊಂಡು ಬಂದಿದ್ದರು. ಕರಡಿ ಮೀನಿನ ತಲೆ ಕಚ್ಚಿದ ಕೂಡಲೇ ಅವರೆಲ್ಲ ಒಟ್ಟಿಗೆ ಆಚೆ ತಿರುಗಿ ತಮ್ಮ ಗರಿಗರಿ ಖಾಖ್ರಾ ರೊಟ್ಟಿ ತಿನ್ನಲಿಕ್ಕೆ ಹಿಡಿದರು.

ಇಷ್ಟೆಲ್ಲ ಆಗುವಾಗ ಅಕ್ಕ ನಕ್ಕಿದ್ದಳಾ ಅಂತ ನೀವು ಕೇಳ್ತೀರಿ. ಒಮ್ಮೆ ಮಾತ್ರ. ಅದೂ ನಗು ಅಂತ ಹೇಳುವ ಹಾಗಿಲ್ಲ. ಹಡಗು ಹಿಮನದಿಯ ಕಡೆ ತಿರುಗಿದ ದಿನ ನೀರಿನ ಮೇಲೆ ತುಂಡು ತುಂಡು ಮಂಜುಗಡ್ಡೆ ತೇಲಿ ಬರ್ತಾ ಇತ್ತು. ಒಂದರ ಮೇಲೆ ನೀರುನಾಯಿಯ ಜಾತಿಯ ದೊಡ್ಡ ಪ್ರಾಣಿಯೊಂದು, ಸೀಲ್ ಅಂತಾರಲ್ಲ ಅದು, ಮರಿಯನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಿತ್ತು. ಅಕ್ಕ ತುಂಬಾ ಹೊತ್ತು ನೋಡಿದಳು. “ಗಣಪ, ಅದಕ್ಕೆ ಚಳಿ ಆಗುವುದಿಲ್ವಾ?” ಅಂತ ಕೇಳಿದಳು. ನಾನು, “ಮಂಜುಗಡ್ಡೆಯೇ ಅದರ ಹಾಸಿಗೆ, ಚಳಿ ಎಂತದ್ದು?” ಅಂದೆ. ಆಗ ಅವಳ ಮುಖದಲ್ಲಿ ಏನೋ ಸಡಿಲ ಆಯಿತು. ನಾನು ಒಳ್ಳೆ ಲಕ್ಷಣ ಅಂದುಕೊಂಡೆ. ಇವತ್ತೇ ವಿಷಯ ತೆಗೆಯಬೇಕು, ಇವತ್ತೇ ಒಪ್ಪಿಸಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ.

ಆಮೇಲೆ ಹಿಮನದಿ ಎದುರಿಗೆ ಬಂತು.

ನಿಮಗೆ ನಾನು ಏನು ವರ್ಣಿಸಲಿ? ನೀವು ಅದರ ಉದ್ದ ಅಗಲ ಆಳ ಎಲ್ಲ ಮೇಲಿನಿಂದ ಅಳೆದವರು. ಆದರೆ ಭಾವ, ಎದುರಿಗೆ ನಿಂತರೆ ಅದಕ್ಕೆ ಶಬ್ದ ಉಂಟು. ಅದು ಚಿತ್ರದಲ್ಲಿ ಬರುವುದಿಲ್ಲ. ಒಳಗೊಳಗೇ ನರಳುತ್ತದೆ, ಹಳೆ ಮಾಳಿಗೆಯ ಮೇಲೆ ಯಾರೋ ಓಡಾಡಿದ ಹಾಗೆ. ನಡುವೆ ಒಮ್ಮೊಮ್ಮೆ ದೊಡ್ಡ ತುಂಡು ಕಳಚಿ ನೀರಿಗೆ ಬೀಳ್ತದೆ. ಮೊದಲು ಬೀಳುವುದು ಕಾಣ್ತದೆ, ಆಮೇಲೆ ಗುಡುಗು ಕೇಳ್ತದೆ. ಬಿಳಿ ಅಂತ ನಾವು ಹೇಳುವುದೆಲ್ಲ ಸುಳ್ಳು. ಒಡೆದ ಕಡೆಯಲ್ಲೆಲ್ಲ ನೀಲಿ. ನಾನು ಸೂರತ್ತಿನಲ್ಲಿ ಇರುವವ, ದಿನಾ ಸಾವಿರ ಬಣ್ಣದ ಸೀರೆಯ ಕಟ್ಟುಗಳು ಟೆಂಪೋದಲ್ಲಿ ಹೋಗುವುದನ್ನು ನೋಡುವವ, ಆ ನೀಲಿ ಯಾವ ಮಿಲ್ಲಿನಲ್ಲೂ ನೋಡಿಲ್ಲ.

ಹಡಗಿನವರು ಕಾಡು, ಮಂಜು ಎಲ್ಲ ಓದಿದ ಹೆಂಗಸೊಬ್ಬಳನ್ನು ಇಟ್ಟಿದ್ದರು. ಅವಳು ಮೈಕಿನಲ್ಲಿ ಹೇಳ್ತಾ ಹೋದಳು. ಗುರುಕಿರಣ ನಿಲ್ಲಬೇಕಾದ ಜಾಗದಲ್ಲಿ ನಾನು ನಿಂತಿದ್ದೆ, ಅಕ್ಕನ ಎಡಗಡೆ. “ಏನು ಹೇಳ್ತಾಳೆ ಅವಳು?” ಅಂತ ಅಕ್ಕ ಕೇಳಿದಳು. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದವ ನಾನು. ಆದರೆ ಇಂಗ್ಲಿಷು ಬಾರದು ಅಂತ ಅಕ್ಕನ ಎದುರು ಇವತ್ತಿನವರೆಗೆ ಒಪ್ಪಿಕೊಂಡವನಲ್ಲ. ಮೈಕಿನವಳು ಹೇಳಿದ್ದು ಎರಡು ಮಾತು ನನಗೆ ಸರಿಯಾಗಿಯೇ ತಿಳಿಯಿತು. ಒಂದು, ಹಿಮನದಿ ತನ್ನ ಒಳಗೆ ಸಿಕ್ಕಿದ್ದನ್ನೆಲ್ಲ, ಕಲ್ಲಾಗಲಿ ಮರವಾಗಲಿ, ಒಂದು ದಿನ ತುದಿಗೆ ತಂದು ಹೊರಗೆ ಹಾಕ್ತದೆ. ಇನ್ನೊಂದು, ಇವತ್ತು ಇಲ್ಲಿ ನೀರಿಗೆ ಬೀಳುವ ಗಡ್ಡೆ ಮೇಲೆ ಬೆಟ್ಟದಲ್ಲಿ ಹಿಮವಾಗಿ ಬಿದ್ದದ್ದು ನಾನೂರು ವರ್ಷದ ಹಿಂದೆ. ಫೋರ್ ಹಂಡ್ರೆಡ್. ಅಷ್ಟು ಇಂಗ್ಲಿಷು ಯಾವ ಹೋಟೆಲಿನವನಿಗಾದರೂ ಬರ್ತದೆ.

ನಾನು ಅಕ್ಕನಿಗೆ ಹೇಳಿದ್ದು ಹೀಗೆ: “ಅಕ್ಕ, ಇದು ನುಂಗಿದ್ದನ್ನು ಇಟ್ಟುಕೊಳ್ಳುವುದಿಲ್ಲವಂತೆ. ಹನ್ನೆರಡು ವರ್ಷಕ್ಕೆ ಹೊರಗೆ ಕೊಡ್ತದಂತೆ. ಹೇಗೆ ಹೋಗಿತ್ತೋ ಹಾಗೆಯೇ.”

ಹೇಳಿಬಿಟ್ಟೆ. ನಗುನಗುತ್ತಾ ಹೇಳಿದೆ, ಗಿರಾಕಿಗೆ ಇನ್ನು ಎರಡೇ ನಿಮಿಷ, ದೋಸೆ ಬಂತು ಅನ್ನುವ ಹಾಗೆ.

ಅವತ್ತು ಸಂಜೆ ಅಕ್ಕ ಅನ್ನ ಹಾಕಿಸಿಕೊಂಡು ತಿಂದಳು ಭಾವ. ಒಂದು ವರ್ಷದಲ್ಲಿ ಅವಳು ಎರಡನೇ ಸಲ ಬಡಿಸಿಕೊಂಡದ್ದು ಅದೇ ಮೊದಲು. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಒಪ್ಪಿಸಲಿಕ್ಕೆ ಹೋದವ ತದ್ವಿರುದ್ಧದ್ದು ಮಾಡಿ ಬಂದೆ ಅನ್ನುವುದು ಹೊಳೆದದ್ದು ಮರುದಿನ. ಬೆಳಗ್ಗೆ ನೋಡಿದರೆ ಅಕ್ಕ ಮನಸ್ವಿನಿಯ ಬೂಟು ಹಾಕಿಕೊಂಡು ಹಡಗಿನ ಸುತ್ತ ನಡೀತಾ ಇದ್ದಾಳೆ. ಎಂತ ಅಕ್ಕ ಇದು ಅಂದರೆ, “ಹನ್ನೆರಡು ವರ್ಷಕ್ಕೆ ನನಗೆ ಎಪ್ಪತ್ತಾಗ್ತದೆ. ಮೊಣಕಾಲು ಗಟ್ಟಿ ಇರಬೇಕಲ್ಲ, ಅಷ್ಟು ಮೇಲೆ ಹತ್ತಬೇಕು” ಅಂದಳು. ಟೂರ್ ಗುಂಪಿನಲ್ಲಿ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ವೈದೇಹಿಬೆನ್ ಅಂತ ಒಬ್ಬರಿದ್ದರು, ಅಕ್ಕನ ಜೊತೆ ನಡೆಯಲಿಕ್ಕೆ ಬರ್ತಿದ್ದರು. ಮಕ್ಕಳೆಷ್ಟು ಅಂತ ಕೇಳಿದ್ದಕ್ಕೆ ಅಕ್ಕ, “ಇಬ್ಬರು. ಮಗಳು ಇವಳು. ಮಗ ಹಿಮಾಲಯದಲ್ಲಿದ್ದಾನೆ” ಅಂದಳಂತೆ. ಆ ಹೆಂಗಸು ಕೈ ಮುಗಿದು, “ಸನ್ಯಾಸ ತಗೊಂಡನಾ? ಪುಣ್ಯವಂತರು ನೀವು” ಅಂದರಂತೆ. ಅಕ್ಕ ಇಲ್ಲ ಅನ್ನಲಿಲ್ಲ.

ಮನಸ್ವಿನಿ ನನ್ನನ್ನು ಲಿಫ್ಟಿನ ಹತ್ತಿರ ಹಿಡಿದಳು. ಆ ಹುಡುಗಿಯ ಕನ್ನಡ ನಿಮಗೆ ಗೊತ್ತಲ್ಲ. “ಮಾಮಾ, ಅಮ್ಮನಿಗೆ ಝೂಟ್ ಯಾಕೆ ಹೇಳಿದ್ದು ನೀವು? ಆ ಲೇಡಿ ಟ್ವೆಲ್ವ್ ಎಲ್ಲಿ ಹೇಳಿತು? ಭಾಯಿ ಬರುದಿಲ್ಲ. ನನಗೆ ಗೊತ್ತುಂಟು, ಪಪ್ಪಾಗೆ ಗೊತ್ತುಂಟು, ನಿಮಗೆ ಗೊತ್ತುಂಟು. ಅಮ್ಮನಿಗೆ ಮಾತ್ರ ಯಾಕೆ ಗೊತ್ತಿಲ್ಲ?” ಅಂದಳು. ನಾನು ತಮಾಷೆ ಮಾಡಲಿಕ್ಕೆ ಹೋದೆ. “ನಿನ್ನ ವ್ಯಾಕರಣ ಸರಿ ಮಾಡಿಕೊಂಡು ಬಾ, ಆಮೇಲೆ ಉತ್ತರ ಹೇಳ್ತೇನೆ” ಅಂದೆ. ಅವಳು ಗುಂಡಿ ಒತ್ತಿ ಲಿಫ್ಟಿನ ಒಳಗೆ ಹೋದಳು. ಮತ್ತೆ ಊರಿಗೆ ಬರುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ.

ಈಗ ನೀವೂ ಅದನ್ನೇ ಕೇಳ್ತೀರಿ, ಯಾಕೆ ಹೇಳಿದೆ ಅಂತ. ಮೇಲೆ ಬರೆಯುವಾಗ ಒಂದು ವಿಷಯ ಬಿಟ್ಟಿದ್ದೇನೆ. ಬರೆಯುವುದು ಬೇಡ ಅಂತಲೇ ಬಿಟ್ಟದ್ದು. ಆದರೆ ಅದಿಲ್ಲದೆ ನಾನು ಬರೇ ಬಡಾಯಿಕೋರ ಸುಳ್ಳುಗಾರ ಆಗ್ತೇನೆ. ಬಡಾಯಿಕೋರ ಹೌದು, ಆದರೆ ಅಷ್ಟೇ ಅಲ್ಲ.

ಮೈಕಿನವಳು ಹೇಳ್ತಿರುವಾಗ ಅಕ್ಕ ಕಂಬಿಯ ಹತ್ತಿರ ಸುಮ್ಮನೆ ನಿಂತಿರಲಿಲ್ಲ. ಕಂಬಿಯ ಕೆಳಗಿನ ಅಡ್ಡಪಟ್ಟಿಯ ಮೇಲೆ ಒಂದು ಕಾಲು ಇಟ್ಟಿದ್ದಳು. ಇನ್ನೊಂದನ್ನೂ ಎತ್ತಿದಳು. ಸೊಂಟದವರೆಗೆ ಆಚೆ ಬಗ್ಗಿದ್ದಳು. ಕೆಳಗೆ ಆ ನೀರು. ಎಲ್ಲರೂ ಕ್ಯಾಮೆರಾ ಹಿಡಿದು ಮಂಜು ನೋಡ್ತಾ ಇದ್ದರು, ಅವಳನ್ನು ನೋಡ್ತಾ ಇದ್ದದ್ದು ನಾನೊಬ್ಬನೇ. ಮನಸ್ವಿನಿ ಆಚೆ ಕಡೆ ತಿರುಗಿ ಅಳ್ತಿದ್ದಳು. ನಾನು ಅಕ್ಕನ ಸೆರಗು ಹಿಡಿದುಕೊಂಡೆ, ಅವಳಿಗೆ ಗೊತ್ತಾಗದ ಹಾಗೆ. ಕೂಗಿದರೆ ಬೆಚ್ಚಿ ಜಾರಿಯಾಳು ಅಂತ ಹೆದರಿಕೆ. ಅದೇ ಹೊತ್ತಿಗೆ ಅವಳು, “ಏನು ಹೇಳ್ತಾಳೆ?” ಅಂತ ಕೇಳಿದ್ದು. ನಾನೂರು ವರ್ಷ ಅಂತ ಆಗ ಹೇಗೆ ಹೇಳಲಿ ಭಾವ? ನಿಮ್ಮ ದರ್ಭೆ ಮತ್ತು ಮುತ್ತುಗದ ಮಾತು ಆಗ ಹೇಗೆ ತೆಗೆಯಲಿ? ಅವಳನ್ನು ಈಚೆ ಎಳೆಯಲಿಕ್ಕೆ ಏನಾದರೂ ಬೇಕಿತ್ತು. ಬಾಯಿಗೆ ಬಂದದ್ದು ಭಟ್ಟರ ಹನ್ನೆರಡು. ಕೇಳಿದವಳೇ ಒಂದು ಕಾಲು ಇಳಿಸಿದಳು, ಆಮೇಲೆ ಇನ್ನೊಂದು.

ಸಾವಿರ ಸುಳ್ಳು ಹೇಳಿದ್ದೇನೆ ಜೀವನದಲ್ಲಿ. ಇಷ್ಟು ಬೇಗ ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಮುಂಬೈಯಲ್ಲಿ ಇಳಿದ ಮೇಲೆ ಅಹಮದಾಬಾದಿಗೇ ಬರಬೇಕಿತ್ತು. ಅಕ್ಕ ಸೂರತ್ತಿನಲ್ಲಿ ಇಳಿದುಬಿಟ್ಟಳು. “ಮನೆಗೆ ಹೋದರೆ ಅವರು ಭಟ್ಟರನ್ನು ಕರೆಸ್ತಾರೆ” ಅಂದಳು. ನನ್ನ ಹೋಟೆಲಿನ ಮೇಲಿನ ಮನೆಯಲ್ಲಿ ಇದ್ದಾಳೆ, ಬೆಳಗ್ಗೆ ತಾರಸಿಯ ಮೇಲೆ ಸುತ್ತು ಹಾಕ್ತಾಳೆ. ಮಳೆ ಬಂದರೆ ಕೊಡೆ ಹಿಡಿದು ಸುತ್ತು ಹಾಕ್ತಾಳೆ. ಹೂ ಮುಡೀತಾಳೆ. ಸೂತಕವೇ ಆಗದ ಮನೆಯಲ್ಲಿ ಯಾಕೆ ಮುಡಿಯಬಾರದು ಅಂತ ಅವಳ ವಾದ.

ನಿನ್ನೆ ರಾಖಿ. ಊರಿಡೀ ಬಣ್ಣದ ದಾರ, ಮಿಠಾಯಿ ಅಂಗಡಿಯಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ. ಮನಸ್ವಿನಿ ಬೆಳಗ್ಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಹುಟ್ಟಿದಾಗಿನಿಂದ ಗುಜರಾತಿನಲ್ಲೇ ಬೆಳೆದವಳು. ನಮಗೆ ನಾಗರ ಪಂಚಮಿ ಹೇಗೋ ಅವಳಿಗೆ ರಾಖಿ ಹಾಗೆ. ನಾವು ಸುಮ್ಮನೆ ಬಿಡಬೇಕಿತ್ತು. ಅಕ್ಕ ಪೇಟೆಗೆ ಹೋಗಿ ಒಂದು ರಾಖಿ ತಂದಳು. ಬಾಗಿಲು ತಟ್ಟಿ ಮಗಳ ಕೈಯಲ್ಲಿ ಇಟ್ಟು, “ತೆಗೆದಿಡು. ವರ್ಷಕ್ಕೊಂದರ ಹಾಗೆ ಇಡ್ತಾ ಹೋಗು. ಅಣ್ಣ ಬಂದಾಗ ಎಲ್ಲ ಒಟ್ಟಿಗೆ ಕಟ್ಟುವಿಯಂತೆ” ಅಂದಳು. ನಾನು ಮೆಟ್ಟಿಲ ಮೇಲಿದ್ದೆ. ಮನಸ್ವಿನಿ ಅಳಲಿಲ್ಲ, ಕಿರುಚಲಿಲ್ಲ. ರಾಖಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, “ಅಮ್ಮಾ, ನಾನೂ ಇದ್ದೇನೆ” ಅಂದಳು. ಅಷ್ಟೇ. ಅಕ್ಕ ಅವಳ ಕೆನ್ನೆ ಸವರಿ ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮನಸ್ವಿನಿ ನಾಳೆಯ ಟಿಕೆಟ್ಟು ಮಾಡಿಸಿಕೊಂಡಳು, ಒಬ್ಬಳಿಗೇ.

ಕಂಬಿಯಿಂದ ಒಬ್ಬಳನ್ನು ಇಳಿಸಿ ಇನ್ನೊಬ್ಬಳನ್ನು ಹತ್ತಿಸಿದೆನಾ ಅಂತ ನಿನ್ನೆಯಿಂದ ಯೋಚನೆ. ಮನಸ್ವಿನಿ ಬಂದ ಮೇಲೆ ಅವಳ ಜೊತೆ ಒಂದಿಷ್ಟು ಹೊತ್ತು ಕೂತುಕೊಳ್ಳಿ. ಕಂಪ್ಯೂಟರಿನ ಎದುರು ಅಲ್ಲ. ಹಿಮನದಿ ಅಳೆಯಲಿಕ್ಕೆ ಹೊರಟ ಆ ತಂಡದವರಿಗೆ ಮಗನ ಹೆಸರು ಹೇಳಿ ಸೇರಿಸಿದ್ದು ನೀವು ಅಂತ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ ಭಾವ, ನಾನಂತೂ ಯಾವತ್ತೂ ಮಾತಾಡಿಲ್ಲ. ನೀವು ಆ ಚಿತ್ರಗಳನ್ನು ತೆರೆದುಕೊಂಡು ಅದೇ ಜಾಗ ನೋಡ್ತಾ ಕೂರ್ತೀರಿ ಅಂತ ಮನಸ್ವಿನಿ ಹೇಳಿದಳು. ಕೂರಬೇಡಿ.

ಇನ್ನು ನನ್ನ ಬಿನ್ನಹ, ಇದಕ್ಕಾಗಿಯೇ ಇಷ್ಟು ಉದ್ದ ಬರೆದದ್ದು. ಅಕ್ಕ ಒಂದಲ್ಲ ಒಂದು ದಿನ ಮನೆಗೆ ಬರ್ತಾಳೆ. ಬಂದವಳೇ ನಿಮ್ಮನ್ನು ಕೇಳ್ತಾಳೆ, ನಮ್ಮ ಹುಡುಗ ಬಿದ್ದ ಹಿಮನದಿ ವರ್ಷಕ್ಕೆ ಎಷ್ಟು ಮುಂದೆ ಬರ್ತದೆ, ಅವನು ತುದಿ ಮುಟ್ಟಲಿಕ್ಕೆ ಎಷ್ಟು ವರ್ಷ ಅಂತ. ಅದರ ಸರಿಯಾದ ಲೆಕ್ಕ ಈ ದೇಶದಲ್ಲಿ ಬೆರಳೆಣಿಕೆಯ ಜನಕ್ಕೆ ಗೊತ್ತಿರಬಹುದು, ಅವರಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇರುವುದು ನಮ್ಮ ಕರ್ಮ. ನೀವು ಸುಳ್ಳು ಹೇಳುವವರಲ್ಲ. ನಾನು ನಿಮಗೆ ಬೇಡುವುದು ಒಂದೇ ಸುಳ್ಳು. ಹನ್ನೆರಡು ಅಂದರೆ ಹೂಂ ಅನ್ನಿ. ಭಟ್ಟರನ್ನು ಸದ್ಯಕ್ಕೆ ಕರೆಸಬೇಡಿ. ಮಗನಿಗೆ ಗತಿ ಸಿಗಬೇಕು ಅನ್ನುವ ನಿಮ್ಮ ಸಂಕಟ ನನಗೆ ಅರ್ಥ ಆಗುವುದಿಲ್ಲ ಅಂತಲ್ಲ. ಆದರೆ ಹೋದವನಿಗಿಂತ ಇದ್ದವಳನ್ನು ಉಳಿಸಿಕೊಳ್ಳುವುದು ಈಗ ಮುಖ್ಯ. ಆಸೆ ಒಂದಿದ್ದರೆ ಅವಳು ಉಣ್ಣುತ್ತಾಳೆ, ನಡೀತಾಳೆ, ಬದುಕ್ತಾಳೆ. ಅದು ಎಂಥ ಆಸೆ ಅಂತ ನಾವು ನೋಡುವುದು ಬೇಡ.

ಒಪ್ಪಿಸಿ ಬರ್ತೇನೆ ಅಂತ ಎದೆ ತಟ್ಟಿ ಹೋದವ ಬರಿಗೈಯಲ್ಲಿ ಬಂದಿದ್ದೇನೆ. ಬೈಯಿರಿ. ಆದರೆ ಫೋನಿನಲ್ಲಿ ಬೇಡ, ಅಕ್ಕ ಪಕ್ಕದಲ್ಲೇ ಇರ್ತಾಳೆ.

ನಿಮ್ಮ ಕೋಪಕ್ಕೂ ಪ್ರೀತಿಗೂ ಸಲ್ಲುವವ,
ಗಣಪತಿ

ಮರೆತದ್ದಲ್ಲ, ಮುಗಿದ ಮೇಲೆ ನಡೆದದ್ದು: ಕವರಿಗೆ ಅಂಟು ಹಚ್ಚುವಾಗ ಅಕ್ಕ ಚಹಾ ಹಿಡಿದುಕೊಂಡು ಬಂದಳು. ಯಾರಿಗೆ ಅಂದಳು. ಭಾವನಿಗೆ ಅಂದೆ. ಕೈ ಚಾಚಿದಳು. ನನ್ನಿಂದ ಇಲ್ಲ ಅನ್ನಲಿಕ್ಕಾಗಲಿಲ್ಲ. ನಿಂತೇ ಪೂರ್ತಿ ಓದಿದಳು. ತಿಮಿಂಗಿಲದ ಹತ್ತಿರ ನಕ್ಕಳು. ರಾಖಿಯ ವಿಷಯ ಎರಡು ಸಲ ಓದಿದಳು. ಆಮೇಲೆ ಕಾಗದ ಮಡಿಸಿ ಕೊಟ್ಟು ಹೇಳಿದಳು: “ಮೈಕಿನವಳು ಮಾತಾಡುವಾಗ ಇಂಗ್ಲಿಷು ಬರುವ ನನ್ನ ಮಗಳು ಅಳ್ತಿದ್ದಳು, ಬಾರದ ನನ್ನ ತಮ್ಮ ನಗ್ತಿದ್ದ. ಯಾರ ಮುಖ ನಂಬಬೇಕು ಅಂತ ನನಗೆ ಅಷ್ಟೂ ಗೊತ್ತಾಗುವುದಿಲ್ವಾ ಗಣಪ?”

ಗೊತ್ತಿದ್ದೂ ಯಾಕೆ ನಂಬಿದ ಹಾಗೆ ಮಾಡಿದೆ ಅಂತ ಕೇಳಿದೆ. “ಹನ್ನೆರಡು ವರ್ಷ ಅಂದರೆ ಅಷ್ಟು ವರ್ಷ ನಿನ್ನ ಭಾವ ದರ್ಭೆ ಮುಟ್ಟುವುದಿಲ್ಲ, ಆಮೇಲಿನದ್ದನ್ನು ನೋಡಲಿಕ್ಕೆ ನಾನು ಇರುವುದಿಲ್ಲ” ಅಂದಳು. ಕಂಬಿ ಹತ್ತಿದ್ದು ಹಾರಲಿಕ್ಕಲ್ಲವಂತೆ. ಅವನು ಎಂಥ ಬಣ್ಣದ ಒಳಗೆ ಮಲಗಿದ್ದಾನೆ ಅಂತ ಹತ್ತಿರದಿಂದ ನೋಡಬೇಕಿತ್ತಂತೆ. ಹಾಗಾದರೆ ಎಷ್ಟು ವರ್ಷಕ್ಕಾದರೂ ಸಿಗಲಿ ಅಂತ ನಿನಗೆ ಆಸೆಯೇ ಇಲ್ವಾ ಅಕ್ಕ ಅಂದೆ. ಅವಳು ಚಹಾದ ಲೋಟ ನನ್ನ ಕೈಗೆ ಕೊಟ್ಟಳು. “ಸಿಕ್ಕಿದರೆ ಸುಡಬೇಕಲ್ಲ. ಈಗ ಹೇಗಿದ್ದನೋ ಹಾಗೇ ಇದ್ದಾನೆ. ಸಿಗುವುದೇ ಬೇಡ” ಅಂದಳು.

ಮೇಲೆ ಬರೆದದ್ದನ್ನು ಹರಿಯಲಿಕ್ಕೆ ಮನಸ್ಸಾಗಲಿಲ್ಲ ಭಾವ, ಹಾಗೇ ಕಳಿಸ್ತಿದ್ದೇನೆ. ವರ್ಷಕ್ಕೆ ಎಷ್ಟು ಮುಂದೆ ಬರ್ತದೆ ಅಂತ ಅವಳು ನಿಮ್ಮನ್ನು ಕೇಳುವುದಿಲ್ಲವಂತೆ. ನೀವೂ ಅವಳನ್ನು ಇನ್ನು ಏನೂ ಕೇಳಬೇಡಿ.